ಮಗುವಿನ ಆಸಕ್ತಿಗೆ ಯಾವ ದಾರಿ? ಉಡುಪಿ–ಮಂಗಳೂರಿನ ಹೈಸ್ಕೂಲ್ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಮೇ ತಿಂಗಳು ಬಂತೆಂದರೆ ನನಗೆ ಇಂಥ ಫೋನ್ ಕರೆಗಳು ಶುರು. "ಟೀಚರ್, ಮಗನಿಗೆ ಚಿತ್ರ ಬಿಡಿಸೋದು ಬಿಟ್ರೆ ಬೇರೆ ಎಂತದೂ ಬೇಡ. ಸಿಬಿಎಸ್‌ಇಗೆ ಹಾಕಿದ್ರೆ ಒಳ್ಳೆದಾ?" "ಮಗಳು ದಿನಾ ಯಕ್ಷಗಾನ ಯಕ್ಷಗಾನ ಅಂತಾಳೆ. ಓಪನ್ ಸ್ಕೂಲ್ ಅಂತ ಉಂಟಂತಲ್ಲ, ಅದು ಆಗ್ತದಾ?" ಉಡುಪಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸಲು ಶುರು ಮಾಡಿ 18 ವರ್ಷವಾಯಿತು. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಂಕದ ಮಾತಾದರೆ ನಮ್ಮ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೇದು. ಅದರ ಬಗ್ಗೆ ನನಗೂ ಹೆಮ್ಮೆ ಉಂಟು. ಆದರೆ ಆ ಅಂಕಕ್ಕಾಗಿ ಮಕ್ಕಳ ದಿನ ಹೇಗೆ ತುಂಬಿಹೋಗಿದೆ ಅಂತ ನೋಡಿದರೆ ಹೊಟ್ಟೆ ಕಿವುಚುತ್ತದೆ. ಬೆಳಿಗ್ಗೆ ಏಳೂವರೆಗೆ ಬಸ್, ಸಂಜೆ ಐದಕ್ಕೆ ಮನೆ, ಆರಕ್ಕೆ ಟ್ಯೂಷನ್, ಎಂಟೂವರೆಗೆ ಊಟ, ಆಮೇಲೆ ಹೋಮ್‌ವರ್ಕ್. ಇದರ ನಡುವೆ ಆಸಕ್ತಿ ಅನ್ನುವುದು ಎಲ್ಲಿ ಕೂರಬೇಕು?

ನನ್ನ ಮನೆಯಲ್ಲೇ ಆದದ್ದು ಹೇಳುತ್ತೇನೆ. ದೊಡ್ಡ ಮಗಳು ಏಳನೇ ತರಗತಿವರೆಗೆ ಹಿತ್ತಿಲಿನ ಹುಳಗಳ ಚಿತ್ರ ಬಿಡಿಸುತ್ತಿದ್ದಳು. ಕಂಬಳಿಹುಳ, ಜೇಡ, ಏರೋಪ್ಲೇನ್ ಚಿಟ್ಟೆ ಎಲ್ಲ ಮೂರು ಡ್ರಾಯಿಂಗ್ ಪುಸ್ತಕದ ತುಂಬ. ಎಂಟನೇಗೆ ಬಂದಾಗ ಎಲ್ಲರೂ ಸೇರಿಸುತ್ತಾರೆ ಅಂತ ಅವಳನ್ನು ಒಂದು ಕೋಚಿಂಗ್ ಸೆಂಟರಿನ 'ಫೌಂಡೇಶನ್' ಕೋರ್ಸಿಗೆ ಸೇರಿಸಿದೆವು. ಎರಡು ವರ್ಷದ ಫೀಸು ಒಟ್ಟಿಗೇ ಕಟ್ಟಿಸಿಕೊಂಡರು. ಆರು ತಿಂಗಳಲ್ಲಿ ಅವಳು ಬಣ್ಣದ ಡಬ್ಬಿ ಮುಟ್ಟುವುದನ್ನೇ ಬಿಟ್ಟಳು. ಬಿಡಿಸಿಕೊಳ್ಳೋಣ ಅಂದರೆ ದುಡ್ಡು ವಾಪಸ್ ಇಲ್ಲ ಅಂದರು. ದುಡ್ಡು ಹೋಗಲಿ, ಆ ಎರಡು ವರ್ಷದ ಸಂಜೆಗಳು ಅವಳಿಗೆ ಮತ್ತೆ ಸಿಗಲಿಲ್ಲ. ಅಂದಿನಿಂದ ಯಾವುದೇ ದಾರಿಯ ಬಗ್ಗೆ ಯಾರೇ ಕೇಳಿದರೂ ನಾನು ಎರಡು ವಿಷಯ ಮೊದಲು ನೋಡುತ್ತೇನೆ. ಮಗುವಿಗೆ ವಾರಕ್ಕೆ ಎಷ್ಟು ಖಾಲಿ ಗಂಟೆ ಸಿಗುತ್ತದೆ? ಆ ವಿಷಯ ಗೊತ್ತಿರುವ ದೊಡ್ಡವರು ಒಬ್ಬರಾದರೂ ಮಗುವಿನ ಜೊತೆ ಕೂರುತ್ತಾರಾ? ಬೋರ್ಡ್ ಯಾವುದು, ಫೀಸು ಎಷ್ಟು ಅನ್ನುವುದೆಲ್ಲ ಆಮೇಲೆ.

ಖಾಲಿ ಗಂಟೆಯಲ್ಲಿ ಏನಾಗುತ್ತದೆ ಅಂತ ಕೇಳುವವರಿಗೆ ಒಂದು ಕೋಲಿನ ಕಥೆ ಹೇಳುತ್ತೇನೆ. ಉಡುಪಿಯಲ್ಲಿ ವರ್ಷಕ್ಕೆ ಎರಡು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ನೆಟ್ಟಗೆ ನಿಂತದ್ದಕ್ಕೆ ನೆರಳೇ ಇರುವುದಿಲ್ಲ. ಏಪ್ರಿಲ್ 25 ಮತ್ತು ಆಗಸ್ಟ್ 17ರ ಆಸುಪಾಸು. ಏಪ್ರಿಲ್‌ನಲ್ಲಿ ಶಾಲೆಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಹಾಗಾಗಿ ಪಾಠದ ನಡುವೆ ಇದನ್ನು ತೋರಿಸಲು ಆಗುವುದೇ ಇಲ್ಲ. ಒಂದು ವರ್ಷ ರಜೆಯಲ್ಲೇ ಬನ್ನಿ ಅಂದೆ. ನಾಲ್ಕು ಮಕ್ಕಳು ಬಂದರು. ಮೈದಾನದಲ್ಲಿ ಒಂದು ಮೀಟರ್ ಎತ್ತರದ ಅಡಿಕೆ ಸಲಾಕೆ ನೆಟ್ಟೆವು. ಹನ್ನೆರಡು ಗಂಟೆಗೆ ನೋಡಿದರೆ ನೆರಳು ಇನ್ನೂ ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ, ಪಡುವಣಕ್ಕೆ ಬಿದ್ದಿದೆ. "ಟೀಚರ್, ಹನ್ನೆರಡಕ್ಕೆ ಎಂತಕ್ಕೆ ಆಗ್ಲಿಲ್ಲ?" ಅಂತ ಒಬ್ಬ ಕೇಳಿದ. ನಾನು ಉತ್ತರ ಹೇಳಲಿಲ್ಲ, ಕಾಯೋಣ ಅಂದೆ. 12 ಗಂಟೆ 29 ನಿಮಿಷಕ್ಕೆ ನೆರಳು ಕೋಲಿನ ಬುಡದೊಳಗೆ ಹೋಯಿತು.

ಅವನು ಮನೆಗೆ ಹೋಗಿ ಭೂಪಟ ತೆಗೆದು ಕೂತ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಉಡುಪಿ ಇರುವುದು ಹೆಚ್ಚುಕಡಿಮೆ 74.75ರಲ್ಲಿ. ವ್ಯತ್ಯಾಸ 7.75 ಡಿಗ್ರಿ. ಒಂದು ಡಿಗ್ರಿ ತಿರುಗಲು ಭೂಮಿಗೆ ನಾಲ್ಕು ನಿಮಿಷ ಬೇಕು. 31 ನಿಮಿಷ ಆಯಿತು. "ಎರಡು ನಿಮಿಷ ಜಾಸ್ತಿ ಬರ್ತದೆ ಟೀಚರ್" ಅಂತ ಮರುದಿನ ಫೋನ್ ಮಾಡಿದ. ಆ ಎರಡು ನಿಮಿಷ ಭೂಮಿಯ ಓರೆಯಿಂದ, ಅದರ ದಾರಿ ಪೂರ್ತಿ ದುಂಡಗಿಲ್ಲದ್ದರಿಂದ ಬರುವುದು. ಹತ್ತನೇ ತರಗತಿಯ ಪುಸ್ತಕದಲ್ಲೂ ಇಲ್ಲದ ವಿಷಯ. ಒಂದು ಕೋಲು, ಒಂದು ಮಧ್ಯಾಹ್ನ, ಗಡಿಬಿಡಿ ಇಲ್ಲದ ಒಬ್ಬ ಹುಡುಗ. ಇಷ್ಟಕ್ಕೆ ಬೋರ್ಡ್ ಬದಲಿಸಬೇಕಾಗಲಿಲ್ಲ.

ಮೊದಲು, ಈಗಿರುವ ಶಾಲೆಯೊಳಗೆ

ಶಾಲೆ ಬದಲಿಸುವ ಮೊದಲು ಈಗಿನ ಶಾಲೆಯಲ್ಲಿ ಏನೇನು ಉಂಟು ಅಂತ ಪೂರ್ತಿ ಕೇಳಿ ತಿಳಿದುಕೊಳ್ಳಿ. ಎಷ್ಟೋ ಅಪ್ಪ-ಅಮ್ಮಂದಿರಿಗೆ ಇದು ಗೊತ್ತೇ ಇರುವುದಿಲ್ಲ. ರಾಜ್ಯ ಪಠ್ಯಕ್ರಮದಲ್ಲಿ ಮೂರನೇ ಭಾಷೆಯಾಗಿ ತುಳು, ಕೊಂಕಣಿ ಎರಡಕ್ಕೂ ಅವಕಾಶ ಉಂಟು. 2010ರಿಂದ ತುಳು ಶಾಲೆಯೊಳಗೆ ಬಂದಿದೆ. ಮನೆಯಲ್ಲಿ ಅಜ್ಜಿ ಹೇಳುವ ಪಾಡ್ದನ ಬರೆದಿಟ್ಟುಕೊಳ್ಳುವ ಮಗುವಿಗೆ ಇದು ದೊಡ್ಡ ಬಾಗಿಲು. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಯಿಂದ ಎನ್‌ಎಸ್‌ಕ್ಯೂಎಫ್ ಅನ್ನುವ ವೃತ್ತಿ ವಿಷಯಗಳಿವೆ. ಐಟಿ, ಆಟೊಮೊಬೈಲ್, ರಿಟೇಲ್, ಬ್ಯೂಟಿ ಆಂಡ್ ವೆಲ್‌ನೆಸ್ ಇಂಥವು. ಮೂರನೇ ಭಾಷೆಯ ಬದಲು ಇದನ್ನು ತೆಗೆದುಕೊಳ್ಳಬಹುದು. ಬೈಕ್ ಬಿಚ್ಚಿ ಜೋಡಿಸುವ ಹುಡುಗನಿಗೆ ಹಿಂದಿ ವ್ಯಾಕರಣಕ್ಕಿಂತ ಅದು ಹತ್ತಿರವಾಗಬಹುದು, ಅಲ್ವಾ?

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆ ಅಂತ ಹೇಳಿದರೆ ಒಂದು ಸಲ ಹೋಗಿ ನೋಡಿ. ನೀತಿ ಆಯೋಗ 2016ರಲ್ಲಿ ಶುರು ಮಾಡಿದ ಯೋಜನೆ ಇದು. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. 6ರಿಂದ 12ನೇ ತರಗತಿಯ ಮಕ್ಕಳಿಗೆ ತ್ರೀಡಿ ಪ್ರಿಂಟರ್, ಸೆನ್ಸರ್, ಸಣ್ಣ ಸಣ್ಣ ಸರ್ಕ್ಯೂಟ್ ಬೋರ್ಡುಗಳು. ಲ್ಯಾಬ್ ಉಂಟಾ ಅಂತ ಕೇಳಬೇಡಿ. ಬೀಗದ ಕೈ ಯಾರ ಹತ್ತಿರ ಉಂಟು, ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ ಅಂತ ಕೇಳಿ. ಪ್ರಿಂಟರ್ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹೊಸದಾಗಿಯೇ ಇದ್ದರೆ ನಿಮಗೇ ಅರ್ಥವಾಗುತ್ತದೆ. ಮೇಜಿನ ಮೇಲೆ ತುಂಡು ವಯರ್, ಅರ್ಧ ಸುಟ್ಟ ಎಲ್‌ಇಡಿ, ಗಮ್ ಕಲೆ ಕಂಡರೆ ಧೈರ್ಯವಾಗಿ ಸೇರಿಸಿ.

ಇನ್ಸ್‌ಪೈರ್ ಮಾನಕ್ ಅಂತ ಇನ್ನೊಂದು ಉಂಟು. ಪ್ರತಿ ಶಾಲೆ ಮಕ್ಕಳ ಐದು ಐಡಿಯಾಗಳವರೆಗೆ ಕಳಿಸಬಹುದು. ಆಯ್ಕೆಯಾದರೆ ಮಾದರಿ ಮಾಡಲು ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ. ಎಷ್ಟೋ ಶಾಲೆಗಳು ಕೊನೆಯ ದಿನ ಗಡಿಬಿಡಿಯಲ್ಲಿ ಏನೋ ಒಂದು ಕಳಿಸಿ ಕೈ ತೊಳೆದುಕೊಳ್ಳುತ್ತವೆ. ಜೂನ್‌ನಲ್ಲೇ ಹೋಗಿ ವಿಜ್ಞಾನದ ಟೀಚರನ್ನು ಕೇಳಿ. ನಮಗೂ ಕೇಳುವವರು ಬಂದರೆ ಹುಮ್ಮಸ್ಸು.

ಇಲ್ಲಿ ನನಗೆ ಮಲ್ಪೆ ಕಡೆಯ ಒಬ್ಬ ಹುಡುಗ ನೆನಪಾಗುತ್ತಾನೆ. ಅಪ್ಪ ಬೋಟಿನಲ್ಲಿ ಕೆಲಸ, ಅಮ್ಮ ಮೀನು ಮಾರುವವರು. ಎಂಟನೇ ತರಗತಿಯಲ್ಲಿ ವಿಜ್ಞಾನದಲ್ಲಿ ಪಾಸಾಗುವುದೇ ಕಷ್ಟ. ಅವನ ಬ್ಯಾಗಿನಲ್ಲಿ ಒಂದು ಉದ್ದ ಲೆಕ್ಕದ ಪುಸ್ತಕ ಸಿಕ್ಕಿತು. ಬೂತಾಯಿ, ಬಂಗುಡೆ, ಅಂಜಲ್, ಮಾಂಜಿ, ನಂಗ್, ಕಾಣೆ ಅಂತ ಕಾಲಂ ಹಾಕಿ ದಿನ, ರೇಟು ಬರೆದಿದ್ದ. ಕೊನೆಯ ಕಾಲಮ್ಮಿನಲ್ಲಿ ಅಲ್ಲಲ್ಲಿ 'ಮೊ' ಅಂತ ಇತ್ತು. ಏನಿದು ಅಂತ ಕೇಳಿದೆ. "ಅಮ್ಮ ಮೀನು ಕೊಯ್ವಾಗ ಹೊಟ್ಟೆಯಲ್ಲಿ ಮೊಟ್ಟೆ ಇದ್ರೆ ಬರೀತೇನೆ ಟೀಚರ್."

ನಾನು ಪುಟ ತಿರುಗಿಸಿದೆ. ಜೂನ್, ಜುಲೈ ಪುಟಗಳಲ್ಲಿ ಬೂತಾಯಿಯ ಮುಂದೆ ಸಾಲಾಗಿ 'ಮೊ', 'ಮೊ', 'ಮೊ'. ಆಗ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ನಾಡದೋಣಿಯಲ್ಲಿ ಬಂದ ಮೀನು ಮಾತ್ರ. ಮಳೆಗಾಲ ಮೀನು ಮೊಟ್ಟೆಯಿಡುವ ಕಾಲ ಅಂತಲೇ 61 ದಿನ ಬೋಟು ನಿಲ್ಲಿಸುವುದು. ಆ ಕಾರಣ ಅವನ ಪುಸ್ತಕದಲ್ಲಿ ಅವನದೇ ಕೈಬರಹದಲ್ಲಿ ಇತ್ತು, ಅವನಿಗೆ ಗೊತ್ತಿರಲಿಲ್ಲ ಅಷ್ಟೆ. ಎಂಟನೇ ತರಗತಿಯ ಪ್ರಾಣಿಗಳ ಸಂತಾನೋತ್ಪತ್ತಿ ಪಾಠವನ್ನು ಆ ವರ್ಷ ನಾನು ಅವನ ಪುಸ್ತಕ ಇಟ್ಟುಕೊಂಡೇ ಮಾಡಿದೆ. ಮೀನು ನೀರಿಗೆ ಮೊಟ್ಟೆ ಬಿಡುವುದು, ಹೊರಗೇ ಫಲವಾಗುವುದು, ಲಕ್ಷಗಟ್ಟಲೆ ಮೊಟ್ಟೆ ಯಾಕೆ ಬೇಕು ಅನ್ನುವುದು ಎಲ್ಲ ಅಲ್ಲೇ ಬಂತು. ಬೂತಾಯಿಗೆ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಅಂತ ಇನ್ನೊಂದು ಹೆಸರಿದೆ ಅಂತ ಹೇಳಿದ ದಿನ ಅವನ ಮುಖ ನೋಡಬೇಕಿತ್ತು.

ಶಾಲೆಯ ಹೊರಗೆ, ಒಬ್ಬ ಗುರುವಿನ ಹತ್ತಿರ

ನಮ್ಮ ಎರಡು ಜಿಲ್ಲೆಗಳಿಗೆ ಈ ವಿಷಯದಲ್ಲಿ ಇರುವ ಭಾಗ್ಯ ಎಲ್ಲರಿಗೂ ಇಲ್ಲ. ಯಕ್ಷಗಾನವನ್ನೇ ತೆಗೆದುಕೊಳ್ಳಿ. ಇಂದ್ರಾಳಿಯ ಯಕ್ಷಗಾನ ಕೇಂದ್ರ ಉಂಟು. ಉಡುಪಿಯ ಶಾಲೆಗಳಿಗೆ ಯಕ್ಷಶಿಕ್ಷಣ ಟ್ರಸ್ಟಿನ ಗುರುಗಳು ಬರುತ್ತಾರೆ. ಮಂಗಳೂರು ಕಡೆ ಪಟ್ಲ ಫೌಂಡೇಶನ್ನಿನ ಯಕ್ಷ ಶಿಕ್ಷಣ ನಡೆಯುತ್ತಿದೆ. ತಾಳ, ಹೆಜ್ಜೆ, ಅರ್ಥ ಮೂರನ್ನೂ ಕಲಿಯುವ ಮಗು ಕನ್ನಡವನ್ನು ಎಷ್ಟು ಆಳವಾಗಿ ಕಲಿಯುತ್ತದೆ ಅಂದರೆ, ನಮ್ಮ ಕನ್ನಡ ಟೀಚರಿಗೇ ಆಶ್ಚರ್ಯವಾಗುತ್ತದೆ.

ಆಕಾಶ ನೋಡುವ ಹುಚ್ಚಿದ್ದರೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಉಂಟು. ಮಂಗಳೂರಿನ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರ, 2018ರಲ್ಲಿ ಶುರುವಾದ ತ್ರೀಡಿ ತಾರಾಲಯ, ಮೃಗಾಲಯ ಎಲ್ಲ ಒಂದೇ ಕಡೆ. ಆದರೆ ಪಿಲಿಕುಳಕ್ಕೆ ವರ್ಷಕ್ಕೊಮ್ಮೆ ಶಾಲೆಯ ಬಸ್ಸಿನಲ್ಲಿ ಹೋಗಿ ಐಸ್‌ಕ್ರೀಂ ತಿಂದು ಬಂದರೆ ಅದು ಪ್ರವಾಸ. ಅದೇ ಮಗುವನ್ನು ಸುಮ್ನೆ ಒಂದು ಭಾನುವಾರ ಕರೆದುಕೊಂಡು ಹೋಗಿ, ಅದಕ್ಕೆ ಇಷ್ಟವಾದ ಒಂದೇ ಮಾದರಿಯ ಮುಂದೆ ಅರ್ಧ ಗಂಟೆ ನಿಲ್ಲಲು ಬಿಡಿ.

ಗುರು ಅಂದರೆ ದೊಡ್ಡ ಹೆಸರಿನವರೇ ಆಗಬೇಕಿಲ್ಲ. ಮಿಕ್ಸಿ ರಿಪೇರಿ ಅಂಗಡಿಯವರು, ಮರದ ಕೆಲಸದ ಆಚಾರ್ರು, ಟೈಲರ್ ಅಕ್ಕ ಇವರೂ ಗುರುಗಳೇ. ಶನಿವಾರ ಮಧ್ಯಾಹ್ನ ಎರಡು ಗಂಟೆ ನಮ್ಮ ಮಗ ನಿಮ್ಮ ಹತ್ತಿರ ಕೂತು ನೋಡಬಹುದಾ ಅಂತ ನೀವೇ ಹೋಗಿ ವಿನಯದಿಂದ ಕೇಳಿ. ಕೆಲಸಕ್ಕೆ ಇಟ್ಟುಕೊಳ್ಳಿ ಅಂತಲ್ಲ, ನೋಡಿ ಕಲಿಯಲಿಕ್ಕೆ ಮಾತ್ರ ಅನ್ನುವುದನ್ನೂ ಸ್ಪಷ್ಟ ಮಾಡಿ.

ಈ ದಾರಿಗೆ ಖರ್ಚು ಕಡಿಮೆ, ಇಷ್ಟವಾಗದಿದ್ದರೆ ಬಿಡುವುದೂ ಸುಲಭ. ಕಷ್ಟ ಇರುವುದು ಸಮಯದ್ದು. ಟ್ಯೂಷನ್ನೂ ಇರಲಿ, ಯಕ್ಷಗಾನವೂ ಇರಲಿ, ಕರಾಟೆಯೂ ಇರಲಿ ಅಂದರೆ ಮಗು ಬಳಲಿ ಬೀಳುತ್ತದೆ. ಒಂದನ್ನು ಸೇರಿಸುವಾಗ ಇನ್ನೊಂದನ್ನು ತೆಗೆಯಲೇಬೇಕು.

ಬೋರ್ಡ್ ಬದಲಿಸುವುದಾದರೆ

ಸಿಬಿಎಸ್‌ಇಯಲ್ಲಿ 9, 10ನೇ ತರಗತಿಗೆ ಐದು ಮುಖ್ಯ ವಿಷಯದ ಜೊತೆ ಆರನೆಯದಾಗಿ ಒಂದು ಕೌಶಲ ವಿಷಯ ತೆಗೆದುಕೊಳ್ಳಬಹುದು. ಐಟಿ, ಕೃತಕ ಬುದ್ಧಿಮತ್ತೆ ಇಂಥವು. ಗಣಿತ, ವಿಜ್ಞಾನ ಅಥವಾ ಸಮಾಜ ವಿಜ್ಞಾನದಲ್ಲಿ ಒಂದು ಫೇಲಾದರೆ ಆ ಜಾಗಕ್ಕೆ ಕೌಶಲ ವಿಷಯದ ಅಂಕ ಹಿಡಿಯುವ ನಿಯಮವೂ ಉಂಟು. ಐಸಿಎಸ್‌ಇಯಲ್ಲಿ ಮೂರನೇ ಗುಂಪು ಅಂತ ಇದೆ. ಚಿತ್ರಕಲೆ, ಕಂಪ್ಯೂಟರ್, ಗೃಹವಿಜ್ಞಾನ, ದೈಹಿಕ ಶಿಕ್ಷಣ, ಕರ್ನಾಟಕ ಸಂಗೀತ ಇವುಗಳಲ್ಲಿ ಒಂದನ್ನು ಆರಿಸಬೇಕು, ಅದರ ಅರ್ಧ ಅಂಕ ಶಾಲೆಯಲ್ಲೇ ಮಾಡಿದ ಕೆಲಸಕ್ಕೆ. ಕಾಗದದ ಮೇಲೆ ನನಗೆ ಐಸಿಎಸ್‌ಇಯ ಈ ವ್ಯವಸ್ಥೆ ತುಂಬ ಇಷ್ಟ. ಚಿತ್ರ ಬಿಡಿಸುವ ಮಗುವಿಗೆ ಅದು ನಿಜವಾದ ಗೌರವ.

ಆದರೆ ಬೋರ್ಡಿನ ಪಟ್ಟಿಯಲ್ಲಿ ಇದ್ದದ್ದು ನಿಮ್ಮ ಶಾಲೆಯಲ್ಲಿ ಇರಬೇಕೆಂದಿಲ್ಲ. ಪಟ್ಟಿಯಲ್ಲಿ ಹದಿನೈದು ವಿಷಯ, ಶಾಲೆಯಲ್ಲಿ ಎಲ್ಲರಿಗೂ ಕಂಪ್ಯೂಟರ್ ಒಂದೇ, ಇದೇ ಜಾಸ್ತಿ. ಟೀಚರ್ ಇದ್ದಾರಾ, ಕಳೆದ ವರ್ಷ ಎಷ್ಟು ಮಕ್ಕಳು ಆ ವಿಷಯ ತೆಗೆದುಕೊಂಡರು ಅಂತ ಕೇಳಿ. ಸೊನ್ನೆ ಅಂದರೆ ಆ ಆಯ್ಕೆ ಇಲ್ಲ ಅಂತಲೇ ಲೆಕ್ಕ.

ಇನ್ನೊಂದು ವಿಷಯ, ಇದನ್ನು ಹಳ್ಳಿ ಶಾಲೆಯ ಮಕ್ಕಳ ಅಪ್ಪ-ಅಮ್ಮಂದಿರು ದಯವಿಟ್ಟು ಗಮನವಿಟ್ಟು ಓದಿ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ 15 ಶೇಕಡಾ, ಕನ್ನಡ ಮಾಧ್ಯಮ ಮೀಸಲಾತಿ 5 ಶೇಕಡಾ. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು, ಒಂದಕ್ಕೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ, ಇನ್ನೊಂದಕ್ಕೆ ಕನ್ನಡ ಮಾಧ್ಯಮದಲ್ಲಿ. ಏಳು ವರ್ಷ ಊರಿನ ಕನ್ನಡ ಶಾಲೆಯಲ್ಲಿ ಓದಿಸಿ, ಎಂಟನೇಗೆ ಮಂಗಳೂರಿನ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಎರಡೂ ಕೈಬಿಟ್ಟು ಹೋಗುತ್ತದೆ. ಮೂರು ವರ್ಷದ ಆಸೆಗೆ ಏಳು ವರ್ಷದ ಗಳಿಕೆ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಓಪನ್ ಸ್ಕೂಲ್, ಮನೆಯಲ್ಲೇ ಕಲಿಕೆ

ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ, 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಬೋರ್ಡ್. ಹತ್ತನೇ ತರಗತಿಗೆ 14 ವರ್ಷ ತುಂಬಿರಬೇಕು. ಕನಿಷ್ಠ ಐದು ವಿಷಯ, ಅದರಲ್ಲಿ ಒಂದು ಭಾಷೆ. ಉಳಿದದ್ದು ನಿಮ್ಮ ಆಯ್ಕೆ, ಚಿತ್ರಕಲೆ, ಗೃಹವಿಜ್ಞಾನ, ಸಂಗೀತ, ವ್ಯವಹಾರ ಅಧ್ಯಯನ ಇತ್ಯಾದಿ. ಗಣಿತ ಕಡ್ಡಾಯವಲ್ಲ. ಒಮ್ಮೆ ಹೆಸರು ಹಚ್ಚಿದರೆ ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ಮುಗಿಸಬಹುದು. ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟಿಗೆ 20 ಶೇಕಡಾ ಅಂಕ.

ಗಂಟೆಯ ಲೆಕ್ಕದಲ್ಲಿ ಇದಕ್ಕೆ ಸಾಟಿ ಇಲ್ಲ. ದಿನಕ್ಕೆ ಆರು ಗಂಟೆ ಈಜುವ, ಚೆಸ್ ಆಡುವ, ಮೃದಂಗ ನುಡಿಸುವ ಮಗುವಿಗೆ ಇದು ಹೇಳಿ ಮಾಡಿಸಿದ್ದು. ಶಾಲೆಯ ಗದ್ದಲ, ಹೆದರಿಕೆ ತಡೆಯಲಾಗದೆ ಒಣಗಿಹೋಗುತ್ತಿರುವ ಮಗುವಿಗೂ ಉಸಿರಾಡಲು ಜಾಗ ಕೊಡುತ್ತದೆ. ಆದರೆ ಎರಡನೇ ಪ್ರಶ್ನೆ ಇಲ್ಲಿ ತುಂಬ ಗಟ್ಟಿಯಾಗಿ ಬರುತ್ತದೆ. ಹಗಲು ಹೊತ್ತು ಮಗುವಿನ ಜೊತೆ ಯಾರು? ಅಪ್ಪ-ಅಮ್ಮ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮನೆಯಲ್ಲಿ ಓಪನ್ ಸ್ಕೂಲ್ ಅಂದರೆ ಮಗು, ಮೊಬೈಲ್, ಮುಚ್ಚಿದ ಬಾಗಿಲು. ಗೆಳೆಯರೂ ಮೆಲ್ಲಗೆ ದೂರವಾಗುತ್ತಾರೆ. ಆಸಕ್ತಿ ಏನು ಅಂತಲೇ ಇನ್ನೂ ಗೊತ್ತಿಲ್ಲದ ಮಗುವನ್ನು, ಶಾಲೆ ಬೇಡ ಅನ್ನುತ್ತದೆ ಅಂತ ಮಾತ್ರ ಇಲ್ಲಿಗೆ ಹಾಕಬೇಡಿ. ಮುಂದೆ ಸೇರಬೇಕೆಂದಿರುವ ಪಿಯು ಕಾಲೇಜಿನ ಆಫೀಸಿಗೆ ಮೊದಲೇ ಹೋಗಿ, ಈ ಸರ್ಟಿಫಿಕೇಟಿಗೆ ಯಾವ ವಿಭಾಗದಲ್ಲಿ ಸೀಟು ಕೊಡುತ್ತೀರಿ ಅಂತ ಕೇಳಿ. ಗಣಿತ, ವಿಜ್ಞಾನ ಬಿಟ್ಟು ಹತ್ತನೇ ಮುಗಿಸಿದರೆ ವಿಜ್ಞಾನ ವಿಭಾಗದ ಆಸೆಯನ್ನೂ ಅಲ್ಲೇ ಬಿಟ್ಟ ಹಾಗೆ.

ಇದಕ್ಕೂ ಈಗಿನ ಶಾಲೆಗೂ ನಡುವೆ ಒಂದು ಜಾಗ ಉಂಟು. ಮುಖ್ಯ ಶಿಕ್ಷಕರ ಹತ್ತಿರ ಕೂತು, ಪಂದ್ಯ ಇರುವ ದಿನ, ಮೇಳದ ಆಟ ಇರುವ ಮರುದಿನ ರಜೆ ಕೊಡಿ, ನೋಟ್ಸ್ ನಾವು ಬರೆಸುತ್ತೇವೆ ಅಂತ ಕೇಳುವುದು. ಹಾಜರಿಯ ಮಿತಿಯೊಳಗೆ ಇದಕ್ಕೆ ಒಪ್ಪುವ ಶಿಕ್ಷಕರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ನಾನೇ ಸಾಕ್ಷಿ.

ಆನ್‌ಲೈನ್

ಚಿಕ್ಕದಾಗಿ ಹೇಳುತ್ತೇನೆ. ಖಾನ್ ಅಕಾಡೆಮಿ ಪುಕ್ಕಟೆ, ಕನ್ನಡದಲ್ಲೂ ಪಾಠಗಳಿವೆ. ಗಣಿತದಲ್ಲಿ ತನ್ನದೇ ವೇಗದಲ್ಲಿ ಹೋಗುವ ಮಗುವಿಗೆ ಬಹಳ ಒಳ್ಳೆಯದು. ಹಕ್ಕಿ ನೋಡುವವರಿಗೆ ಇ-ಬರ್ಡ್, ಹುಳ-ಗಿಡ ನೋಡುವವರಿಗೆ ಐ-ನ್ಯಾಚುರಲಿಸ್ಟ್ ಇದೆ. ಹಿತ್ತಿಲಿನ ಫೋಟೊ ಹಾಕಿದರೆ ಎಲ್ಲಿಯೋ ಕೂತ ತಜ್ಞರು ಹೆಸರು ಹೇಳುತ್ತಾರೆ. ನನ್ನ ಮಗಳು ಕಾಲೇಜಿಗೆ ಹೋದ ಮೇಲೆ ಮತ್ತೆ ಹುಳಗಳ ಹತ್ತಿರ ಬಂದದ್ದು ಇದರಿಂದಲೇ. ಆದರೆ ಸಾವಿರಾರು ರೂಪಾಯಿ ಕಟ್ಟಿಸಿಕೊಂಡು, ಹನ್ನೆರಡು ವರ್ಷದ ಮಗುವನ್ನು ಆ್ಯಪ್ ಡೆವಲಪರ್ ಮಾಡುತ್ತೇವೆ ಅನ್ನುವವರಿಂದ ದೂರ ಇರಿ. ಸಾಲದ ಕಂತಿನಲ್ಲಿ ಫೀಸು ಕಟ್ಟಿ ಅಂದರಂತೂ ಫೋನ್ ಇಟ್ಟುಬಿಡಿ.

ಎರಡರ ನಡುವೆ ತೂಗುತ್ತಿದ್ದರೆ

ಆಸಕ್ತಿ ಯಾವುದು ಅಂತ ಗೊತ್ತಿಲ್ಲ, ಎಲ್ಲದಕ್ಕೂ ಬೇಸರ ಅನ್ನುವ ಮಗುವಾದರೆ ಏನನ್ನೂ ಬದಲಿಸಬೇಡಿ. ಒಂದು ಟ್ಯೂಷನ್ ಬಿಡಿಸಿ, ಎರಡು ಸಂಜೆ ಖಾಲಿ ಮಾಡಿ, ಮೂರು ತಿಂಗಳು ನೋಡಿ. ಮೊದಲ ಎರಡು ವಾರ ಸುಮ್ನೆ ಬಿದ್ದುಕೊಂಡಿರುತ್ತದೆ. ಗಾಬರಿಯಾಗಬೇಡಿ, ಅದು ದಣಿವು.

ಒಂದು ವರ್ಷದಿಂದ ಒಂದೇ ವಿಷಯದ ಹಿಂದೆ ಬಿದ್ದಿದೆ, ನೀವು ಹೇಳದಿದ್ದರೂ ಮಾಡುತ್ತದೆ ಅಂದರೆ ಗುರುವನ್ನು ಹುಡುಕಿ. ಆ ಗುರುವೇ, ಇದಕ್ಕೆ ದಿನಕ್ಕೆ ಎರಡು ಗಂಟೆ ಸಾಲುವುದಿಲ್ಲ ಅಂದ ದಿನ ಓಪನ್ ಸ್ಕೂಲಿನ ಮಾತು ಎತ್ತಿ, ಅದಕ್ಕಿಂತ ಮೊದಲು ಬೇಡ. ಬೋರ್ಡ್ ಬದಲಾವಣೆ ನನ್ನ ಲೆಕ್ಕದಲ್ಲಿ ಕೊನೆಗೆ ಬರುತ್ತದೆ. ದುಡ್ಡು ಜಾಸ್ತಿ, ಬಸ್ಸಿನ ಹೊತ್ತು ಜಾಸ್ತಿ, ಸಿಗುವುದು ಒಂದು ವಿಷಯ.

ಹತ್ತನೇ ಆದ ಮೇಲೆ ಪಿಯುಸಿ ಒಂದೇ ದಾರಿ ಅಂತಲೂ ಅಂದುಕೊಳ್ಳಬೇಡಿ. ಕೈಯಿಂದ ಕಲಿಯುವ ಮಗುವಿಗೆ ಮೂರು ವರ್ಷದ ಡಿಪ್ಲೊಮಾ ಉಂಟು. ಮಂಗಳೂರು ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್, ನಮ್ಮ ಕೆಪಿಟಿ, 1946ರಿಂದ ಇದೆ. ಅಲ್ಲಿಂದ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಮೀನು, ಸಮುದ್ರ ಅನ್ನುವವರಿಗೆ ಮಂಗಳೂರಿನಲ್ಲೇ 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಉಂಟು. ಅದಕ್ಕೆ ಮಾತ್ರ ಪಿಯುಸಿಯಲ್ಲಿ ವಿಜ್ಞಾನ ಬೇಕೇ ಬೇಕು.

ಮಲ್ಪೆಯ ಹುಡುಗ ಈಗ ಮೊದಲ ಪಿಯುಸಿ, ಪಿಸಿಎಂಬಿ. ಗಣಿತ ಇನ್ನೂ ಕಷ್ಟವೇ, ಅದಕ್ಕೊಂದು ಟ್ಯೂಷನ್ ಅವನೇ ಕೇಳಿ ಹಾಕಿಸಿಕೊಂಡಿದ್ದಾನೆ. ಹೋದ ವಾರ ಲೆಕ್ಕದ ಪುಸ್ತಕ ಹಿಡಿದು ಮನೆಗೆ ಬಂದಿದ್ದ. ಐದನೇ ಪುಸ್ತಕ ಅದು. "ಟೀಚರ್, ಈ ಸಲ ಆಗಸ್ಟ್‌ನಲ್ಲಿ ಬೋಟ್ ಇಳಿದ ಮೇಲೂ ಬೂತಾಯಿಯಲ್ಲಿ ಮೊಟ್ಟೆ ಕಾಣ್ತಾ ಉಂಟು. ಬೇರೆ ವರ್ಷಕ್ಕೂ ಇದಕ್ಕೂ ಕೂಡಿಸಿ ನೋಡ್ಬೇಕು" ಅಂದ. ಊಟದ ಮೇಜಿನ ಮೇಲೆ ಐದೂ ಪುಸ್ತಕ ಹರಡಿ ಕೂತೆವು.